ಮಕ್ಕಳ ಎಕ್ಸ್‌ರೇ: ಫಿಲ್ಟರ್ ಹಾಕಿದರಷ್ಟೇ ಸಾಲದು

ಟ್ಯೂಬಿನಿಂದ ಹೊರಡುವ ಎಕ್ಸ್‌ರೇ ಕಿರಣಗಳಲ್ಲಿ ದುರ್ಬಲವಾದವು ಮಗುವಿನ ಚರ್ಮ, ಮಾಂಸದಲ್ಲೇ ಉಳಿದುಬಿಡುತ್ತವೆ. ಚಿತ್ರಕ್ಕೆ ಏನೂ ಕೊಡುವುದಿಲ್ಲ. ಅವನ್ನು ಮೊದಲೇ ತಡೆಯುವ ಲೋಹದ ತೆಳು ತಗಡೇ ಫಿಲ್ಟರ್. ಯಂತ್ರದಲ್ಲಿ ಒಂದು ಇದ್ದೇ ಇರುತ್ತದೆ. ಮಕ್ಕಳಿಗೆ ಅದರ ಜೊತೆ 1 ಮಿ.ಮೀ. ಅಲ್ಯೂಮಿನಿಯಂ, 0.1 ಅಥವಾ 0.2 ಮಿ.ಮೀ. ತಾಮ್ರದವರೆಗೆ ಸೇರಿಸಬಹುದೆಂದು ಯುರೋಪಿಯನ್ ಆಯೋಗದ 1996ರ ಮಾರ್ಗಸೂಚಿ ಹೇಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಎಕ್ಸ್‌ರೇ ಕೋಣೆಗಳಲ್ಲಿ ದುಡಿಯುವ ಟೆಕ್ನಿಷಿಯನ್‌ಗಳಿಗಾಗಿ ಈ ಟಿಪ್ಪಣಿ.

ಮೊದಲು ಕೊಲಿಮೇಟರ್ ನೋಡಿ. ಕೆಲವು ಯಂತ್ರಗಳಲ್ಲಿ ತಾಮ್ರದ ಫಿಲ್ಟರ್ ಒಳಗೇ ಇರುತ್ತದೆ, ಗುಂಡಿ ತಿರುಗಿಸಿದರಾಯಿತು. ಇಲ್ಲದಿದ್ದರೆ ಕಂಪನಿಯ ಎಂಜಿನಿಯರ್‌ರಿಂದಲೇ ಹಾಕಿಸಿ. ಅಂಗಡಿಯ ತಗಡು ಕತ್ತರಿಸಿ ಅಂಟಿಸುವ ಸಾಹಸ ಖಂಡಿತ ಬೇಡ. ತಾಮ್ರ ಟ್ಯೂಬಿನ ಕಡೆ, ಅಲ್ಯೂಮಿನಿಯಂ ಮಗುವಿನ ಕಡೆ ಇರಲಿ. ತಾಮ್ರದಿಂದಲೇ ಹೊಮ್ಮುವ ದುರ್ಬಲ ಕಿರಣವನ್ನು ಅಲ್ಯೂಮಿನಿಯಂ ಹೀರಿಕೊಳ್ಳುತ್ತದೆ.

ಎಡವುವುದು ಇದಾದ ಮೇಲೆ. ಫಿಲ್ಟರ್ ಹಾಕಿದಾಗ ಡಿಟೆಕ್ಟರ್ ತಲುಪುವ ಕಿರಣ ಕಡಿಮೆಯಾಗಿ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಆಗ ಕೆವಿಯನ್ನು ಹಳೆಯ 50ರಲ್ಲೇ ಬಿಟ್ಟು ಎಂಎಎಸ್ ಮಾತ್ರ ಏರಿಸುವವರಿದ್ದಾರೆ. ಎಂಎಎಸ್ ಏರಿದಂತೆ ಸಮಯ ಹಿಗ್ಗುತ್ತದೆ. ಅಳುವ ಕೂಸು ಅಷ್ಟರಲ್ಲಿ ಮಿಸುಕಾಡುತ್ತದೆ, ಚಿತ್ರ ಕದಡುತ್ತದೆ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಫಿಲ್ಟರ್ ಉಳಿಸಿಕೊಟ್ಟದ್ದೆಲ್ಲ ಆ ಎರಡನೇ ಎಕ್ಸ್‌ರೇಗೆ ಹೋಯಿತು! ಎದೆಯ ಎಕ್ಸ್‌ರೇಗೆ ಅದೇ ಮಾರ್ಗಸೂಚಿ ನವಜಾತ ಶಿಶುವಿಗೆ 60–65 ಕೆವಿ, 4 ಮಿಲಿಸೆಕೆಂಡಿನೊಳಗಿನ ಸಮಯ ಸೂಚಿಸಿದೆ; ಅದಕ್ಕಿಂತ ದೊಡ್ಡ ಮಕ್ಕಳಿಗೆ 60–80 ಕೆವಿ, 10 ಮಿಲಿಸೆಕೆಂಡಿನೊಳಗೆ. ಸಣ್ಣ ಪೋರ್ಟಬಲ್ ಯಂತ್ರಕ್ಕೆ ಈ ವೇಗ ದಕ್ಕದು. ಅಂಥಲ್ಲಿ 0.1 ಮಿ.ಮೀ. ತಾಮ್ರಕ್ಕಿಂತ ಮುಂದೆ ಹೋಗಬೇಡಿ. ದಪ್ಪ ಫಿಲ್ಟರಿಗಿಂತ ಮೊದಲ ಸಲವೇ ಸರಿಯಾಗಿ ಬಂದ ಚಿತ್ರ ಮಗುವಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಕೆವಿ, ಎಂಎಎಸ್‌ಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನಿನ ಮೇಲೆ ಪರೀಕ್ಷಿಸಿ, ಮಗುವಿನ ಗಾತ್ರಕ್ಕೆ ತಕ್ಕಂತೆ ಚಾರ್ಟ್ ಬರೆದು ಕನ್ಸೋಲ್ ಪಕ್ಕ ಅಂಟಿಸಿ. ಹಿಂದೆ ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ತಪ್ಪು ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಚಿತ್ರ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಪ್ರತಿ ಚಿತ್ರದ ಎಕ್ಸ್‌ಪೋಷರ್ ಇಂಡೆಕ್ಸ್ ನೋಡಲೇಬೇಕು.

ಉಳಿದದ್ದು ಚುಟುಕಾಗಿ: ಶಿಶುಗಳಿಗೆ ಗ್ರಿಡ್ ತೆಗೆಯಿರಿ, ಬೆಳಕಿನ ಚೌಕವನ್ನು ಬೇಕಾದ ಭಾಗಕ್ಕಷ್ಟೇ ಕಿರಿದಾಗಿಸಿ, ದಪ್ಪ ಮೈಯ ದೊಡ್ಡವರಿಗೆ ಮೊದಲು ತಾಮ್ರ ಸರಿಸಿ. ಫಿಲ್ಟರ್ ಹೊಸದಾಗಿ ಹಾಕಿಸಿದರೆ ಕ್ಯೂಎ ಪರೀಕ್ಷೆ ಮಾಡಿಸಿ ವರದಿಯನ್ನು ಎಇಆರ್‌ಬಿ ಪರವಾನಗಿ ಕಡತದಲ್ಲಿಡಿ. ಪಾಲಕರಿಗೂ ಒಂದು ಮಾತು ಹೇಳಿ: ವೈದ್ಯರು ಬರೆದ ಎಕ್ಸ್‌ರೇಯನ್ನು ಹೆದರಿ ಬಿಡಬೇಡಿ. ಹಿಂದೆ ತೆಗೆಸಿದ್ದಿದ್ದರೆ ಅದನ್ನು ತಪ್ಪದೇ ತನ್ನಿ.