ಬೇಡಿಕೆಯಾಗದ ಬಯಕೆ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ಬಯಕೆಯೇ ಬೇಡಿಕೆಯಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಒಂದು ವಸ್ತು ಬೇಕೆಂಬ ಇಚ್ಛೆ, ಅದನ್ನು ಕೊಳ್ಳುವಷ್ಟು ಹಣ, ಆ ಹಣವನ್ನು ಅದಕ್ಕಾಗಿಯೇ ಬಿಚ್ಚುವ ಮನಸ್ಸು, ಇವು ಮೂರೂ ಕೂಡಿದರೆ ಮಾತ್ರ ಅದು ಬೇಡಿಕೆಯೆನಿಸಿಕೊಳ್ಳುತ್ತದೆ. ಮೊದಲ ವರ್ಷದಲ್ಲಿ ನಮ್ಮ ಅಧ್ಯಾಪಕರು ಇದನ್ನು ವಿವರಿಸುತ್ತ, ಕೈಯಲ್ಲಿ ಕಾಸಿಲ್ಲದವನಿಗೆ ಮೋಟಾರು ಕಾರು ಬೇಕೆನಿಸಿದರೆ ಅದನ್ನು ಪೇಟೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ನನ್ನ ಮನಸ್ಸು ಕಾರಿನ ಕಡೆಗೆ ಹೋಗಲಿಲ್ಲ. ಅದು 2021ರ ಜನವರಿ ತಿಂಗಳ ಒಂದು ಮಂಗಳವಾರ ಮಧ್ಯಾಹ್ನಕ್ಕೆ ಹೋಯಿತು. ಈ ಲೇಖನಕ್ಕೆ ಆ ಮಧ್ಯಾಹ್ನವೇ ಕಾರಣ.

ವಿಷಯ ಆಟದ ಯಂತ್ರಕ್ಕೆ ಸಂಬಂಧಿಸಿದ್ದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹುಡುಗಾಟಿಕೆಗೇನು ಕೆಲಸ ಎಂದು ಹಿರಿಯ ವಾಚಕರು ಹುಬ್ಬೇರಿಸಬಹುದು. ಅವರಿಗಾಗಿ ಒಂದು ಮಾತು: ಟೆಲಿವಿಷನ್ನಿಗೆ ಜೋಡಿಸಿ ಆಡಲೆಂದೇ ಮಾಡಿದ ಗಣಕಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಆಡುವವನ ಕೈಯಲ್ಲಿ ಗುಂಡಿಗಳುಳ್ಳ ಒಂದು ಹಿಡಿ ಇರುತ್ತದೆ. ಅದನ್ನು ಕಂಟ್ರೋಲರ್ ಎನ್ನುತ್ತಾರೆ. ಇಷ್ಟು ತಿಳಿದರೆ ಮುಂದಿನದಕ್ಕೆ ಸಾಕು.

ನಮ್ಮ ಸೋದರಮಾವನ ಕಾಲದಲ್ಲಿ ಇಂಥ ಯಂತ್ರಕ್ಕಾಗಿ ಕಾಯುವ ಪ್ರಮೇಯವೇ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ ಅವರು ದೀಪಾವಳಿಯ ಬೋನಸ್ಸು ಕೈಗೆ ಬಂದ ದಿನವೇ ಮೆಜೆಸ್ಟಿಕ್ಕಿನಿಂದ ಒಂದು ‘ಟಿವಿ ಗೇಮ್’ ತಂದರಂತೆ. ಲಿಟ್ಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ಆಗ ಮಾರಾಟವಾಗುತ್ತಿದ್ದ ಆ ಪೆಟ್ಟಿಗೆಗಳು, ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು 14,800 ಯೆನ್ನಿಗೆ ಹೊರತಂದ ಫ್ಯಾಮಿಕಾಂ ಎಂಬ ಯಂತ್ರದ ನಕಲುಗಳು. ಅಲ್ಲಿ ಹುಟ್ಟಿದ್ದು ಮಾಗಡಿ ರಸ್ತೆಗೆ ಬರುವುದಕ್ಕೆ ಹದಿನೈದು ವರ್ಷ ಹಿಡಿಯಿತು. ಆದರೆ ಅದು ಬರುತ್ತದೆಂದು ಯಾರೂ ಮುಂಚೆ ಸಾರಿರಲಿಲ್ಲವಾದ್ದರಿಂದ ಆ ಹದಿನೈದು ವರ್ಷ ಯಾರಿಗೂ ಭಾರವಾಗಲಿಲ್ಲ. ಅಂಗಡಿಯಲ್ಲಿ ಕಂಡರು, ಕೊಂಡರು, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕಿದರು, ಮೂರು ಮನೆಯ ಮಕ್ಕಳು ಕೂತು ಆಡಿದರು. ಮಾವನಿಗೆ ಅದನ್ನು ಮೊದಲು ಮಾಡಿದವರು ಯಾರೆಂಬುದು ಈ ಲೇಖನಕ್ಕಾಗಿ ನಾನು ಹೇಳುವವರೆಗೂ ತಿಳಿದಿರಲಿಲ್ಲ.

ಆಮೇಲೆ ಅಂತರ ಕಿರಿದಾಗುತ್ತ ಬಂತು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 3 ಜಪಾನಿನಲ್ಲಿ 2006ರ ನವೆಂಬರಿನಲ್ಲಿ ಮಾರಾಟಕ್ಕೆ ಬಂದು, ನಮ್ಮ ದೇಶಕ್ಕೆ 2007ರ ಏಪ್ರಿಲಿನಲ್ಲಿ ಬಂತು. ಪ್ಲೇಸ್ಟೇಷನ್ 5 ಅಲ್ಲಿ 2020ರ ನವೆಂಬರ್ 12ರಂದು ಬಂದರೆ ಇಲ್ಲಿ 2021ರ ಫೆಬ್ರವರಿ 2ರಂದು. ನಡುವೆ ಎಂಬತ್ತೆರಡೇ ದಿನ. ಆದರೂ ಮಾವನ ಹದಿನೈದು ವರ್ಷಕ್ಕಿಂತ ಈ ಎಂಬತ್ತೆರಡು ದಿನ ಉದ್ದವಾಗಿದ್ದವೆಂದರೆ ಉತ್ಪ್ರೇಕ್ಷೆಯಲ್ಲ. ಏಕೆಂದರೆ ಈ ಬಾರಿ ನಿರೀಕ್ಷೆಯನ್ನೂ ಯಂತ್ರದ ಜೊತೆಯಲ್ಲಿಯೇ ತಯಾರಿಸಿದ್ದರು. 2019ರ ಅಕ್ಟೋಬರಿನಲ್ಲಿ ಹೆಸರು ಮಾತ್ರ ಹೇಳಿದರು. 2020ರ ಮಾರ್ಚಿನಲ್ಲಿ ಒಳಗಿನ ರಚನೆಯನ್ನು ಹೇಳಿ, ರೂಪವನ್ನು ತೋರಿಸಲಿಲ್ಲ. ಜೂನಿನಲ್ಲಿ ರೂಪ ತೋರಿಸಿದರು, ಬೆಲೆ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಬೆಲೆ ಹೇಳಿದರು. ಭಾರತಕ್ಕೆ ಯಾವ ದಿನ ಬರುತ್ತದೆಂದು ಹೇಳಲಿಲ್ಲ. ಹರಿಕಥೆಯವರು ರಸವತ್ತಾದ ಘಟ್ಟಕ್ಕೆ ತಂದು ಮಂಗಳ ಹಾಡಿ, ಉಳಿದದ್ದು ನಾಳೆಗೆ ಎನ್ನುವುದಿಲ್ಲವೇ, ಹಾಗೆ.

ನಮ್ಮ ಮನೆ ಇರುವುದು ಕಾಮಾಕ್ಷಿಪಾಳ್ಯದಲ್ಲಿ. ಬಸವೇಶ್ವರನಗರದ ಮರಗಳ ಸಾಲು ಮುಗಿದು ಲೇಥುಗಳ ಸದ್ದು ಮೊದಲಾಗುವ ಕಡೆ ಎಂದರೆ ಈ ಭಾಗದವರಿಗೆ ಗುರುತು ಸಿಕ್ಕುತ್ತದೆ. ತಂದೆಯವರು ಅಲ್ಲಿಯೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಾರೆ. ತಾಯಿಯವರು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಾರೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ತಾಯಿ ತಾವು ಹಾಕುತ್ತಿದ್ದ ಚೀಟಿಯನ್ನು ನಡುವೆಯೇ ಕೂಗಿ, ನಷ್ಟಕ್ಕೆ ಎತ್ತಿ, ನನಗೊಂದು ಫೋನು ಕೊಡಿಸಿದರು. ಅದರಲ್ಲಿ ನಾನು ಪಾಠವನ್ನೂ ಕೇಳಿದೆ. ಆದರೆ ಹೆಚ್ಚಾಗಿ ಓದಿದ್ದು ಪ್ಲೇಸ್ಟೇಷನ್ 5ನ್ನು ಕುರಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಓದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಇಂಗ್ಲಿಷಿನ ಪಠ್ಯಪುಸ್ತಕ ತೆರೆದರೆ ಆಕಳಿಸುತ್ತಿದ್ದ ನಾನು, ಈ ಯಂತ್ರದ ವಿನ್ಯಾಸದ ಮುಂದಾಳು ಮಾರ್ಕ್ ಸರ್ನಿ ಎಂಬವರು 2020ರ ಮಾರ್ಚ್ 18ರಂದು ಮಾಡಿದ ಉಪನ್ಯಾಸವನ್ನು ಮೂರು ದಿನ ತುಂಡುತುಂಡಾಗಿ ಕೇಳಿದೆ. ನಿಘಂಟು ನೋಡಿ ನೋಡಿ ಅರ್ಥ ಬರೆದುಕೊಂಡೆ. ಅದರ ಒಂದು ಭಾಗ ನನಗೆ ಈಗಲೂ ಬಾಯಿಪಾಠವಿದೆ. ಹಿಂದಿನ ಪ್ಲೇಸ್ಟೇಷನ್ 4ರಲ್ಲಿ ಆಟದ ಚಿತ್ರ, ಸದ್ದು ಎಲ್ಲವೂ ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕಿನಲ್ಲಿರುತ್ತಿದ್ದವು. ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ತಟ್ಟೆಯ ಮೇಲೆ ಅತ್ತಿತ್ತ ಹೋಗಿ ಬೇಕಾದ್ದನ್ನು ಹುಡುಕಿ ತರಬೇಕು. ಆದ್ದರಿಂದ ಒಂದು ಗಿಗಾಬೈಟ್ ತರುವುದಕ್ಕೆ ಸುಮಾರು 20 ಸೆಕೆಂಡು. ಹೊಸದರಲ್ಲಿ ತಿರುಗುವ ಭಾಗವೇ ಇಲ್ಲದ 825 ಗಿಗಾಬೈಟಿನ ಸ್ಮರಣೆಯಿರುವುದರಿಂದ ಸೆಕೆಂಡಿಗೆ ಐದೂವರೆ ಗಿಗಾಬೈಟ್ ಓದಬಹುದು. ಆಟಗಳ ನಡುವೆ ಪರದೆ ಕಪ್ಪಾಗಿ ಚಕ್ರ ತಿರುಗುತ್ತಿದ್ದ ಆ ಬೇಸರದ ಕಾಲ ಹೋಗುತ್ತದೆ ಎಂಬುದೇ ಅವರು ಕೊಟ್ಟ ದೊಡ್ಡ ಭರವಸೆ.

ನಮ್ಮ ತಂದೆಯವರಿಗೆ ಈ ಲೆಕ್ಕಗಳು ರುಚಿಸಲಿಲ್ಲ. ಚಿತ್ರ ನೋಡಿ ಅವರು ಕೇಳಿದ ಪ್ರಶ್ನೆ ಒಂದೇ: “ಆಟದ ಸಾಮಾನು ಇಷ್ಟು ದೊಡ್ಡದ್ಯಾಕೆ?” ಅವರು ಕೇಳಿದ್ದರಲ್ಲಿ ಅರ್ಥವಿತ್ತು. ನಿಲ್ಲಿಸಿದರೆ ಅದು ಸುಮಾರು 39 ಸೆಂಟಿಮೀಟರ್ ಎತ್ತರ, ನಾಲ್ಕೂವರೆ ಕಿಲೋ ತೂಕ. ಆ ಅಕ್ಟೋಬರಿನಲ್ಲಿ ಸೋನಿಯ ಯಂತ್ರವಿನ್ಯಾಸ ವಿಭಾಗದ ಯಸುಹಿರೊ ಓಟೊರಿ ಅವರು ಕನ್ಸೋಲನ್ನು ಒಂದೊಂದೇ ಸ್ಕ್ರೂ ಬಿಚ್ಚಿ ತೋರಿಸಿದ ಚಲನಚಿತ್ರ ಬಂತು. ಒಂದು ರಾತ್ರಿ ಊಟವಾದ ಮೇಲೆ ಅದನ್ನು ತಂದೆಗೆ ತೋರಿಸಿದೆ. ಒಳಗೆ 120 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ದಪ್ಪದ ಒಂದು ಫ್ಯಾನು. ಅದರ ಪಕ್ಕದಲ್ಲಿ ಶಾಖ ಹೊರಹಾಕುವ ಲೋಹದ ಗರಿಗಳ ದೊಡ್ಡ ಕಟ್ಟು. ಚಿಪ್ಪಿನ ಮೇಲೆ ದ್ರವಲೋಹ ಸವರಿದ್ದಾರೆ, ಅದನ್ನು ಸೋರದಂತೆ ಹಿಡಿದಿಡುವುದಕ್ಕೆ ಎರಡು ವರ್ಷಕ್ಕೂ ಮೇಲ್ಪಟ್ಟು ತಯಾರಿ ನಡೆಸಿದರಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ತಂದೆ ಮಾತಾಡದೆ ಕೊನೆಯವರೆಗೂ ನೋಡಿದರು. “ಬಿಸಿಯಾಗೋ ಕಡೆ ಕೂಲೆಂಟ್ ಬಿಡಲೇಬೇಕಲ್ಲ. ನಮ್ಮದೂ ಅದೇ” ಎಂದರು. ಆಟ ಎಂಬ ಮಾತಿಲ್ಲದೆ ಅವರು ನನ್ನ ಫೋನನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ.

ಇನ್ನು ಆ ಮಂಗಳವಾರದ ಸಂಗತಿ. ಜನವರಿ 12ರ ಮಧ್ಯಾಹ್ನ ಹನ್ನೆರಡಕ್ಕೆ ಮುಂಗಡ ಕಾಯ್ದಿರಿಸುವಿಕೆ ಮೊದಲಾಗುವುದೆಂದು ಪ್ರಕಟವಾಗಿತ್ತು. ಬೆಲೆ 49,990 ರೂಪಾಯಿ; ತಂದೆಯವರ ಮೂರು ತಿಂಗಳ ಸಂಬಳ. ನಾನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಕೊಳ್ಳಬೇಕಾಗಿದ್ದವರು ನಮ್ಮ ಮನೆ ಮಾಲೀಕರ ಮಗ. ವಠಾರದ ಹುಡುಗರೆಲ್ಲ ಅಣ್ಣ ಎನ್ನುತ್ತಿದ್ದೆವು. ಒಬ್ಬನೇ ಕುಳಿತರೆ ಸಿಕ್ಕುವುದಿಲ್ಲವೆಂದು ಅವರು ನಮ್ಮಲ್ಲಿ ಮೂವರನ್ನು ಕರೆದು, ಒಬ್ಬೊಬ್ಬರಿಗೆ ಒಂದೊಂದು ಅಂಗಡಿಯ ಜಾಲತಾಣ ಹಂಚಿದರು. ಯಾರಿಗೆ ಸಿಕ್ಕುತ್ತದೋ ಅವನಿಗೆ ಕಂಟ್ರೋಲರ್ ಮೊದಲು ಎಂಬುದು ಕರಾರು.

ತೊಡಕೆಂದರೆ, ಆ ವರ್ಷ ಹತ್ತನೆಯ ತರಗತಿಯವರಿಗೆ ಜನವರಿ ಒಂದರಿಂದ ಶಾಲೆ ತೆರೆದಿತ್ತು. ಒಂಬತ್ತು ತಿಂಗಳ ಮೇಲೆ ಮಗ ಶಾಲೆಗೆ ಹೋಗುತ್ತಿದ್ದಾನೆಂದು ತಾಯಿ ಸಂತೋಷದಲ್ಲಿದ್ದರು. ನಾನು ಹೊಟ್ಟೆನೋವೆಂದು ಮಲಗಿದೆ. ಅವರು ಮಜ್ಜಿಗೆಗೆ ಮೆಂತ್ಯದ ಪುಡಿ ಕದಡಿಟ್ಟು ಎಂಟು ಗಂಟೆಗೆ ಕೆಲಸಕ್ಕೆ ಹೋದರು. ಹನ್ನೆರಡಾಗುವುದಕ್ಕೆ ಹತ್ತು ನಿಮಿಷ ಮುಂಚೆಯೇ ನಾವು ಮೂವರೂ ಮಾಳಿಗೆಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತೆವು. ಚೀಟಿ ಮುರಿದು ಕೊಡಿಸಿದ ಫೋನಿನಲ್ಲಿ ಬೇರೊಬ್ಬರ ಕಾರ್ಡಿನ ಹದಿನಾರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಕಾಯುತ್ತಿದ್ದೆ. ಹನ್ನೆರಡು ಹೊಡೆಯಿತು. ಪುಟ ತೆರೆಯಲಿಲ್ಲ. ಮತ್ತೆ ಒತ್ತಿದೆ. ಅರ್ಧ ತೆರೆದು ಬೆಳ್ಳಗೆ ನಿಂತಿತು. ಮೂರನೆಯ ಸಲ ಪೂರ್ತಿ ತೆರೆದಾಗ ದಾಸ್ತಾನು ಮುಗಿದಿದೆಯೆಂಬ ಸಾಲಿತ್ತು. ಉಳಿದ ಇಬ್ಬರದೂ ಅದೇ ಕಥೆ. ಹತ್ತು ನಿಮಿಷ ಸಹ ಆಗಿರಲಿಲ್ಲ. ಅಣ್ಣ ಕೆಳಗಿನಿಂದ ಕೂಗಿ ಕೇಳಿದರು. ನಾವು ಯಾರೂ ಉತ್ತರ ಕೊಡಲಿಲ್ಲ.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿ ಬಾಯಿಬಿಡಲೇಬೇಕು. ಮಹಾಮಾರಿಯ ಆ ವರ್ಷ ಜಗತ್ತಿನಾದ್ಯಂತ ಚಿಪ್ಪುಗಳ ಅಭಾವವಿತ್ತು. ನಮ್ಮ ದೇಶದ ಪಾಲಿಗೆ ಬಂದ ಯಂತ್ರಗಳು ಬೇಡಿಕೆಯ ಮುಂದೆ ಏನೂ ಅಲ್ಲ. ಪೂರೈಕೆ ಕಡಮೆಯಾದಾಗ ಬೆಲೆ ಏರಿ ಎರಡೂ ಸಮನಾಗಬೇಕೆಂಬುದು ಸೂತ್ರ. ಕಂಪನಿ ಬೆಲೆಯನ್ನು ಏರಿಸದೆ ಕಟ್ಟಿಹಾಕಿದಾಗ ಸಾಮಾನು ಹಣವಿದ್ದವನಿಗಲ್ಲ, ಬೆರಳು ಚುರುಕಾಗಿದ್ದವನಿಗೆ ಹೋಗುತ್ತದೆ. ಆದರೆ ಸೂತ್ರ ಸುಮ್ಮನಿರುವುದಿಲ್ಲ; ಮರುವಾರದಲ್ಲಿಯೇ ಅದೇ ಪೆಟ್ಟಿಗೆ ಮರುಮಾರಾಟದ ಜಾಹೀರಾತುಗಳಲ್ಲಿ ಮೇಲ್ಬೆಲೆಗೆ ಕಾಣಿಸಿಕೊಂಡಿತು. 2022ರ ನವೆಂಬರಿನಲ್ಲಿ ಕಂಪನಿಯೇ ಬೆಲೆಯನ್ನು 54,990ಕ್ಕೆ ಏರಿಸಿತು. ಹಳೆಯ ಯಂತ್ರ ಕಾಲ ಕಳೆದಂತೆ ಅಗ್ಗವಾಗುತ್ತದೆಂದು ನಂಬಿ ಕಾಯುತ್ತಿದ್ದವರ ಗತಿ ಏನು ಹೇಳುವುದು! ಅಣ್ಣನಿಗೆ ಕೊನೆಗೂ ಒಂದು ಸಿಕ್ಕಿತೆಂದು ಕೇಳಿದೆ. ಅಷ್ಟರಲ್ಲಿ ಅವರು ಕೆಂಗೇರಿ ಉಪನಗರಕ್ಕೆ ಮನೆ ಬದಲಿಸಿದ್ದರು. ಕರಾರನ್ನು ನೆನಪಿಸಲು ನನಗೆ ಸಂಕೋಚವಾಯಿತು.

ನಾನು ಅದನ್ನು ಮೊದಲು ಮುಟ್ಟಿದ್ದು 2022ರಲ್ಲಿ, ವಿಜಯನಗರದ ಒಂದು ಕಟ್ಟಡದ ಎರಡನೆಯ ಮಹಡಿಯ ಗೇಮಿಂಗ್ ಪಾರ್ಲರಿನಲ್ಲಿ. ಗಂಟೆಗೆ ನೂರು ರೂಪಾಯಿ. ಪಿ.ಯು.ಸಿ. ಓದುತ್ತ ಬೆಳಗ್ಗೆ ಪತ್ರಿಕೆ ಹಾಕುತ್ತಿದ್ದ ಹಣವದು. ಒಳಗೆ ಕತ್ತಲು, ಅಕ್ಕಪಕ್ಕದಲ್ಲಿ ಫುಟ್ಬಾಲಿನ ಗಲಾಟೆ. ಎರಡು ವರ್ಷ ಓದಿ ಬಾಯಿಪಾಠ ಮಾಡಿದ್ದ ನುಣುಪು ಚಿತ್ರ ಅಲ್ಲಿರಲಿಲ್ಲ. ಟಿವಿ ಹಳೆಯದು, ಯಂತ್ರ ಕೊಡುವುದರಲ್ಲಿ ಕಾಲುಭಾಗದಷ್ಟು ಚುಕ್ಕಿಗಳನ್ನು ಮಾತ್ರ ತೋರಿಸಬಲ್ಲದು. ನನಗೆ ಮೊದಲು ಆದದ್ದು ನಿರಾಶೆಯೇ.

ಆಮೇಲೆ, ಯಂತ್ರದ ಜೊತೆಯಲ್ಲಿಯೇ ಬರುವ ಆಸ್ಟ್ರೋ ಎಂಬ ಪುಟ್ಟ ಬೊಂಬೆಯ ಆಟವನ್ನು ಹಾಕಿದೆ. ಬೊಂಬೆ ಮರಳಿನ ಮೇಲೆ ನಡೆಯಿತು. ಅಂಗೈಯಲ್ಲಿ ಮರಳು ಕರಕರ ಎಂದಿತು. ಲೋಹದ ಹಲಗೆಯ ಮೇಲೆ ಹತ್ತಿತು. ಟಕಟಕ ಎಂದು ಬೆರಳಿಗೆ ತಾಗಿತು. ಮಳೆ ಬಂದಾಗ ಹನಿಗಳನ್ನು ಎಣಿಸಬಹುದೇನೋ ಎನ್ನಿಸಿತು. ಹಳೆಯ ಕಂಟ್ರೋಲರಿನಲ್ಲಿ ಒಂದು ಒಜ್ಜೆ ಮೋಟಾರಿಗೆ ಸಿಕ್ಕಿ ಗಿರಗಿರ ತಿರುಗಿ ನಡುಗುತ್ತಿತ್ತು, ಅಷ್ಟೆ. ಇದರಲ್ಲಿ ಧ್ವನಿವರ್ಧಕದೊಳಗಿನಂಥ ತಂತಿಸುರುಳಿಗಳಿದ್ದು, ಬೇಕಾದಷ್ಟೇ ಬೇಕಾದ ಹೊತ್ತಿಗೆ ಮಿಡಿಯುತ್ತವೆ. ಬೆರಳಿನ ಕೆಳಗಿನ ಕೀಲಿಗೆ ಹಲ್ಲುಚಕ್ರವುಳ್ಳ ಒಂದು ಸಣ್ಣ ಮೋಟಾರು ತಡೆ ಕೊಡುತ್ತದೆ. ಸ್ಪ್ರಿಂಗು ಒತ್ತುವ ಆಟದಲ್ಲಿ ಕೀಲಿಯೂ ಸ್ಪ್ರಿಂಗಿನಂತೆ ಎದುರು ಒತ್ತುತ್ತದೆ. ಇದನ್ನೂ ನಾನು ಓದಿದ್ದೆ. ಆದರೆ ಓದಿದ್ದರಿಂದ ಅಂಗೈಗೆ ಏನೂ ತಿಳಿದಿರಲಿಲ್ಲ.

ಸರ್ನಿಯವರ ಭರವಸೆಯೂ ನಿಜವಾಗಿತ್ತು. ಒಂದು ಆಟದಿಂದ ಇನ್ನೊಂದು ಘಟ್ಟಕ್ಕೆ ರೆಪ್ಪೆ ಬಡಿಯುವಷ್ಟರಲ್ಲಿ ಹೋಗುತ್ತಿದ್ದೆವು. ಪಕ್ಕದಲ್ಲಿ ಕುಳಿತ ಗೆಳೆಯ, “ಲೇ, ಮಾತಾಡೋಕೂ ಟೈಮ್ ಕೊಡಲ್ವಲ್ಲೋ ಇದು” ಎಂದ. ಹಳೆಯ ಯಂತ್ರದಲ್ಲಿ ಚಕ್ರ ತಿರುಗುವಾಗಲೇ ಅಲ್ಲವೇ ನಾವು ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದುದು, ಚುರುಮುರಿಯ ಪೊಟ್ಟಣಕ್ಕೆ ಕೈಹಾಕುತ್ತಿದ್ದುದು! ಗಂಟೆಗೆ ನೂರು ಕೊಡುವವರಿಗೆ ವೇಗ ಲಾಭವೇ ಸರಿ. ಆದರೂ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ.

ಈ ಪಾರ್ಲರಿನ ಲೆಕ್ಕವನ್ನೇ ನಾನು ಮೊನ್ನೆ ನಮ್ಮ ಅಧ್ಯಾಪಕರ ಮುಂದಿಟ್ಟೆ. ಐವತ್ತು ಸಾವಿರದ ಯಂತ್ರವನ್ನು ಐನೂರು ತುಂಡು ಮಾಡಿ ನೂರು ನೂರಕ್ಕೆ ಮಾರಿದರೆ, ಲೆಕ್ಕಕ್ಕೇ ಇಲ್ಲದ ನಮ್ಮ ಬಯಕೆ ಬೇಡಿಕೆಯಾಯಿತಲ್ಲವೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಅದು ಒಂದು ಗಂಟೆಯ ಸೇವೆಗೆ ಬಂದ ಬೇಡಿಕೆ, ಯಂತ್ರಕ್ಕೆ ಬಂದದ್ದಲ್ಲ ಎಂದರು. ಶಾಸ್ತ್ರದ ದೃಷ್ಟಿಯಿಂದ ಅದು ಸರಿ. ಆದರೆ ಆ ಯಂತ್ರವನ್ನು ಪಾರ್ಲರಿನವನು ಕೊಂಡದ್ದು ನಮ್ಮಂಥ ಹುಡುಗರು ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆಂಬ ಭರವಸೆಯ ಮೇಲಲ್ಲವೇ? ಆ ಭರವಸೆಯನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕೆಂಬುದು ನನಗೆ ಇನ್ನೂ ತಿಳಿದಿಲ್ಲ.

2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಿಡುಗಡೆಯಾಗಿ ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು. ಆ ಬಿಡುಗಡೆಯ ಪಟ್ಟಿಯಲ್ಲಿ ನಮ್ಮ ದೇಶವಿರಲಿಲ್ಲ. ಆದರೂ ಆ ತಿಂಗಳು ನಮ್ಮ ವಠಾರದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದರ ಗುಣಲಕ್ಷಣಗಳನ್ನೆಲ್ಲ ಒಂದೂ ತಪ್ಪಿಲ್ಲದೆ ನನಗೆ ಒಪ್ಪಿಸಿದ. ಎಲ್ಲಿ ನೋಡಿದೆಯೋ ಎಂದು ಕೇಳಿದರೆ, “ನೋಡಿಲ್ಲಣ್ಣ, ಓದಿದೀನಿ” ಎಂದ.

ಅಂದು ಪಾರ್ಲರಿನಿಂದ ಬಂದ ರಾತ್ರಿ ನಾನು ಅಂಗೈಯಲ್ಲಿ ಮರಳು ಕರಕರ ಎಂದದ್ದನ್ನು ತಂದೆಗೆ ವರ್ಣಿಸಿದ್ದೆ. ಅವರು ಊಟದ ತಟ್ಟೆಯಿಂದ ತಲೆಯೆತ್ತದೆ, “ಲೇಥ್ ಹ್ಯಾಂಡಲ್ ಹಿಡಿದರೂ ಹಂಗೇ. ಟೂಲು ಕಬ್ಬಿಣಕ್ಕೆ ಕಚ್ಚಿದ್ದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ” ಎಂದರು. ತಾಯಿಗೆ ಮಾತ್ರ ಆ ಹೊಟ್ಟೆನೋವಿನ ನಿಜವನ್ನು ಹೇಳಿರಲಿಲ್ಲ. ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳುವಾಗ ಬೇರೆ ದಾರಿಯಿರಲಿಲ್ಲ. ಅವರು ನಕ್ಕರು. “ಅವತ್ತೇ ಗೊತ್ತಿತ್ತು ಕಣೋ. ಸಾಯಂಕಾಲ ಬಂದು ನೋಡ್ತೀನಿ, ಮಜ್ಜಿಗೆ ಹಂಗೇ ಇದೆ, ಮುದ್ದೆ ಎರಡೂ ಖಾಲಿ.”