ಮೂತ್ರದಲ್ಲಿ ಪ್ರೋಟೀನ್: ಮೂತ್ರಪಿಂಡದ ಕಾಯಿಲೆಯ ಮುನ್ಸೂಚನೆ



ಮೂತ್ರಪಿಂಡಗಳು ರಕ್ತವನ್ನು ಸೋಸುವ ಅಂಗಗಳು. ಅವು ಸುಸ್ಥಿತಿಯಲ್ಲಿದ್ದಾಗ ಅಲ್ಬುಮಿನ್ ಎಂಬ ಪ್ರೋಟೀನ್ ಬಹುಪಾಲು ರಕ್ತದಲ್ಲಿಯೇ ಉಳಿಯುತ್ತದೆ; ಹಾನಿಗೊಂಡಾಗ ಮೂತ್ರಕ್ಕೆ ಸೋರುತ್ತದೆ. ಆರಂಭದಲ್ಲಿ ನೋವಾಗಲಿ ಬಾವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಪರೀಕ್ಷೆ ಅಗತ್ಯ.

ಬಣ್ಣ ಬದಲಿಸುವ ಪಟ್ಟಿಯ ಪರೀಕ್ಷೆ ಸುಲಭವಾದರೂ, ಹೆಚ್ಚು ನೀರು ಕುಡಿದವರಲ್ಲಿ ಅಲ್ಪ ಸೋರಿಕೆ ಕಾಣದೆ ಹೋಗಬಹುದು. ಕ್ರಿಯಾಟಿನಿನ್ ಪ್ರತಿದಿನ ಬಹುತೇಕ ಒಂದೇ ಪ್ರಮಾಣದಲ್ಲಿ ವಿಸರ್ಜನೆಯಾಗುವುದರಿಂದ, ಅದರೊಡನೆ ಅಲ್ಬುಮಿನ್ ಅನುಪಾತವನ್ನು ಅಳೆದರೆ ಈ ದೋಷ ನಿವಾರಣೆಯಾಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ. 30ರಿಂದ 300 ಇದ್ದರೆ ಮಧ್ಯಮ ಏರಿಕೆ. 300 ಮೀರಿದರೆ ತೀವ್ರ ಏರಿಕೆ. ಬೆಳಗಿನ ಮೊದಲ ಮೂತ್ರ ಉತ್ತಮ ಮಾದರಿ. ಜ್ವರ, ಮೂತ್ರದ ಸೋಂಕು, ಕಠಿಣ ಶ್ರಮಗಳಿಂದಲೂ ತಾತ್ಕಾಲಿಕ ಏರಿಕೆ ಸಾಧ್ಯ. ಆದುದರಿಂದ ಒಂದೇ ವರದಿಯಿಂದ ನಿರ್ಧರಿಸದೆ, ಮೂರು ತಿಂಗಳೊಳಗೆ ಮರುಪರೀಕ್ಷೆ ಮಾಡಿಸತಕ್ಕದ್ದು.

ಮಧುಮೇಹ ಅಥವಾ ಅಧಿಕ ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳುವಂತೆ ತಾವು ಗ್ರಾಮಸಭೆಯಲ್ಲಿ ತಿಳಿಸಬೇಕು. ಕೊಳವೆ ಒಡೆಯುವ ಮುನ್ನವೇ ಸೋರಿಕೆಯನ್ನು ಗುರುತಿಸಿದರೆ ದುರಸ್ತಿ ಸುಲಭ. ಹಾಗೆಯೇ ಸಕಾಲದ ಔಷಧೋಪಚಾರವು ಅನೇಕರಿಗೆ ಡಯಾಲಿಸಿಸ್ ಅನ್ನು ದೂರವಿಡಬಲ್ಲದು.