ಸಭೆಯಲ್ಲಿ ಮಾತಾಡುವ ವಿದ್ಯೆ

ನಾಲ್ಕು ಜನರ ಮುಂದೆ ನಿಂತು, ತನ್ನ ಮನದೊಳಗಿನದನ್ನು ಅವರ ಮನಕ್ಕೆ ಮುಟ್ಟುವಂತೆ ಹೇಳುವದಕ್ಕೆ ವಕ್ತೃತ್ವವೆಂದು ಹೆಸರು. ಇದು ಹುಟ್ಟಿನಿಂದಲೇ ಕೆಲವರಿಗೆ ಬರುವ ವರವೆಂದು ಬಹು ಜನರು ತಿಳಿದಿರುವರು. ಹೊಲಿಗೆ ಲೆಕ್ಕಗಳಂತೆ ಇದೂ ಅಭ್ಯಾಸದಿಂದ ಸಾಧಿಸತಕ್ಕ ವಿದ್ಯೆಯೆಂದೇ ನಮ್ಮ ಮತವು.

ಹೆಣ್ಣುಮಕ್ಕಳಿಗೆ ಈ ವಿದ್ಯೆಯು ಏತಕ್ಕೆಂದು ಕೇಳುವವರು ಇಂದಿಗೂ ಉಂಟು. ನಮ್ಮ ರಾಜ್ಯದಲ್ಲಿ 1983ರ ಕಾಯದೆಯಿಂದ ಮಂಡಲ ಪಂಚಾಯತಿಗಳ ನಾಲ್ಕನೆಯ ಒಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. 1993ರ ಕಾಯದೆಯು ಆ ಪಾಲನ್ನು ಮೂರರಲ್ಲೊಂದಕ್ಕೂ, 2010ರ ತಿದ್ದುಪಡಿಯು ಅರ್ಧಕ್ಕೂ ಏರಿಸಿದವು. ಆದರೆ ಸ್ಥಾನವು ದೊರೆತ ಮಾತ್ರಕ್ಕೆ ಮಾತು ಬಾರದು. ಸದಸ್ಯೆಯು ಸುಮ್ಮನೆ ಕುಳಿತು, ಆಕೆಯ ಪತಿಯೋ ಮಗನೋ ಎದ್ದು ಉತ್ತರ ಕೊಡುವ ಸಭೆಗಳನ್ನು ನಾವೆಲ್ಲರೂ ಬಲ್ಲೆವು. ಕಾಯದೆಯು ಕೊಟ್ಟದ್ದನ್ನು ಅಂಜಿಕೆಯು ಕಸಿದುಕೊಳ್ಳಬಾರದು.

ಮಾತಿನ ವಿಷಯದಲ್ಲಿ ನಮ್ಮ ಸೀಮೆಯು ಬಡವಾದುದಲ್ಲ. ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಅವರೂ ಅವರ ಸಂಗಡಿಗರೂ ಕಟ್ಟಿದ ಸಾಹಿತ್ಯಕ್ಕೆ ವಚನ, ಅಂದರೆ ಆಡಿದ ಮಾತು, ಎಂದೇ ಹೆಸರಾಯಿತು. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಅಕ್ಕಮಹಾದೇವಿಯು ಎದುರು ನಿಂತು ಉತ್ತರ ಕೊಟ್ಟುದನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಮುಂದೆ ಬಹುಕಾಲ ಸಭೆಯ ಬಾಗಿಲು ನಮ್ಮ ಸ್ತ್ರೀಯರಿಗೆ ಮುಚ್ಚಿತ್ತು. ಅವರ ಮಾತು ಬೀಸುಕಲ್ಲಿನ ಬಳಿಯಲ್ಲಿ ಉಳಿಯಿತು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ, ಅಕ್ಷರ ಕಲಿಯದ ತಾಯಂದಿರು ಮೂರೇ ಸಾಲುಗಳಲ್ಲಿ ಎಷ್ಟು ಹೇಳಬಲ್ಲರೆಂಬುದು ನಾಡಿಗೆ ತಿಳಿಯಿತು.

ಇನ್ನು ಈ ವಿದ್ಯೆಯ ಮುಖ್ಯ ನಿಯಮಗಳನ್ನು ನೋಡೋಣ.

ಮೊದಲನೆಯದು, ವಿಷಯಜ್ಞಾನ. ‘ನಮ್ಮೂರಲ್ಲಿ ನೀರಿಲ್ಲ’ ಎಂದರೆ ಅದು ಗೋಳು. ‘ನಮ್ಮ ಓಣಿಯಲ್ಲಿ ನಾಲ್ವತ್ತು ಮನೆಗಳಿವೆ, ನಳಕ್ಕೆ ನೀರು ಬಂದು ಒಂಬತ್ತು ದಿನಗಳಾದವು, ಕೆಟ್ಟ ಪಂಪು ಇಂಥಲ್ಲಿದೆ’ ಎಂದರೆ ಅದಕ್ಕೆ ಅಧಿಕಾರಿಯು ಉತ್ತರ ಕೊಡಲೇಬೇಕಾಗುವದು. ಎಣಿಸಿ, ಅಳೆದು, ಕೇಳಿ ತಿಳಿದ ಮೇಲೆಯೇ ಎದ್ದು ನಿಲ್ಲತಕ್ಕದ್ದು.

ಎರಡನೆಯದು, ಕೇಳುವವರ ಅರಿವು. ನೀರೆಂಬ ಮಾತು ಒಂದೇ ಇದ್ದರೂ, ಇಂಡಿಯ ನಿಂಬೆಯ ತೋಟದವರಿಗೆ ಅದು ಬೇಸಿಗೆಯ ಚಿಂತೆ. ಕೃಷ್ಣೆಯ ಹಿನ್ನೀರಿಗೆ ಹೊಲ ಕಳೆದುಕೊಂಡ ಮುದ್ದೇಬಿಹಾಳದ ಮನೆತನಕ್ಕೆ ಅದು ಹಳೆಯ ನೋವು. ಯಾರ ಮುಂದೆ ಮಾತಾಡುವೆವೋ ಅವರ ಅನುಭವದಿಂದಲೇ ಮಾತನ್ನು ಆರಂಭಿಸಬೇಕು. ಸಿಂದಗಿಯ ಸಂತೆಗೆ ಬಂದವರಿಗೂ ತಿಳಿಯುವ ಶಬ್ದವಿರುವಾಗ, ಗ್ರಂಥದ ಶಬ್ದವನ್ನು ಹುಡುಕಬೇಕಾದ ಕಾರಣವಿಲ್ಲ.

ಮೂರನೆಯದು, ಕ್ರಮ. ಏನು ಹೇಳುವೆವೆಂಬುದನ್ನು ಮೊದಲು ಒಂದು ವಾಕ್ಯದಲ್ಲಿ ತಿಳಿಸಬೇಕು. ಬಳಿಕ ಕಾರಣಗಳನ್ನೂ ದೃಷ್ಟಾಂತಗಳನ್ನೂ ಒಂದೊಂದಾಗಿ ಇಡಬೇಕು. ಕಡೆಗೆ ಸಭೆಯು ಮಾಡಬೇಕಾದುದೇನೆಂಬುದನ್ನು ಸ್ಪಷ್ಟವಾಗಿ ಕೇಳಬೇಕು. ಈ ಕಡೆಯ ಮಾತನ್ನು ಮರೆತರೆ, ಭಾಷಣವು ಚೆನ್ನಾಗಿತ್ತೆಂದು ಹೊಗಳಿ ಜನರು ಮನೆಗೆ ಹೋಗುವರು. ಕೆಲಸವು ಇದ್ದಲ್ಲಿಯೇ ಇರುವದು.

ನಾಲ್ಕನೆಯದು, ಮಿತ. ಪತಿಯು ವಾಡಿಕೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯು ಎಲ್ಲರಿಗೂ ಗೊತ್ತಿದ್ದುದೇ. ಮಾತಿಗೂ ಅದೇ ನೀತಿಯು ಸಲ್ಲುವದು. ಬೇಕಾದಷ್ಟಕ್ಕಿಂತ ಹೆಚ್ಚಿನದನ್ನು ತಂದವರು ಅದನ್ನು ಮರಳಿ ಸುರಿಯಲಿ.

ಐದನೆಯದು, ಧ್ವನಿ. ಕೂಗುವದೇ ಭಾಷಣವೆಂಬ ಭ್ರಮೆಯು ನಮ್ಮಲ್ಲಿ ಬಹಳವಾಗಿದೆ. 2023ರ ಜನವರಿ 2ರಂದು ದೇಹವನ್ನು ಬಿಟ್ಟ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳನ್ನು ಕೇಳಿದವರಿಗೆ ಈ ಭ್ರಮೆಯು ಉಳಿದಿರಲಾರದು. ಸಾವಿರಾರು ಜನರ ಮುಂದೆಯೂ ಅವರು ದನಿಯನ್ನು ಏರಿಸದೆ, ತಿಳಿಯಾದ ಕನ್ನಡದಲ್ಲಿ, ಸಾವಕಾಶವಾಗಿ ಮಾತಾಡುತ್ತಿದ್ದರು. ಸಭೆಯು ನಿಶ್ಶಬ್ದವಾಗಿ ಆಲಿಸುತ್ತಿತ್ತು. ಅಕ್ಷರಗಳು ಸ್ಪಷ್ಟವಾಗಿರಲಿ, ವಾಕ್ಯದ ಕೊನೆಯು ಬಾಯಲ್ಲಿಯೇ ಅಡಗದಿರಲಿ, ನಡುನಡುವೆ ಉಸಿರಿಗೆ ಎಡೆಯಿರಲಿ.

ಸಭಾಕಂಪವೆಂಬುದು ಇದ್ದೇ ಇರುವದು. ಎದೆ ಬಡಿದುಕೊಳ್ಳುವದೂ ಅಂಗೈ ಬೆವರುವದೂ ಅಯೋಗ್ಯತೆಯ ಗುರುತುಗಳಲ್ಲ. ದೇಹವು ಕಾರ್ಯಕ್ಕೆ ಸಿದ್ಧವಾಗುವ ಬಗೆಯೇ ಅದು. ಮೊದಲಿನ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು, ಉಳಿದುದಕ್ಕೆ ಚಿಕ್ಕ ಚೀಟಿಯಲ್ಲಿ ಮುಖ್ಯ ಶಬ್ದಗಳನ್ನಷ್ಟೇ ಬರೆದುಕೊಂಡರೆ ಹೆದರಿಕೆಯು ಬೇಗನೆ ಇಳಿಯುವದು. ಪೂರ್ತಿ ಭಾಷಣವನ್ನು ಬಾಯಿಪಾಠ ಮಾಡಿದವಳು ಒಂದು ಶಬ್ದವನ್ನು ಮರೆತರೆ ಎಲ್ಲವನ್ನೂ ಮರೆಯುವಳು.

ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆಯೊಂದಿದೆ. ಸಾಲೆಯ ವೇದಿಕೆಯು ವರುಷಕ್ಕೆ ಕೆಲವೇ ಸಲ ದೊರೆಯುವದು. ಮನೆಯ ಪಡಸಾಲೆಯು ದಿನಾಲು ಇರುವದು. ಹಿರಿಯರು ಕೂತಲ್ಲಿ ಮಗಳು ಬಾಯಿ ತೆರೆದರೆ ‘ನಿನಗೇನು ತಿಳಿಯುತ್ತದೆ, ಒಳಗೆ ಹೋಗು’ ಎನ್ನಬೇಡಿರಿ. ಆ ಒಂದು ಮಾತು ಹತ್ತು ವರುಷಗಳ ಪಾಠವನ್ನು ಕೆಡಿಸಬಲ್ಲದು. ಆಕೆಯು ಹೇಳುವದನ್ನು ಪೂರ್ತಿ ಕೇಳಿ, ಬಳಿಕ ತಪ್ಪನ್ನು ತಿದ್ದಿರಿ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಮತದಾರರ ಯಾದಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬಳೂ ತನ್ನ ಊರಿನ ಗ್ರಾಮಸಭೆಯ ಸದಸ್ಯಳೇ ಆಗಿರುವಳು. ನಿಮ್ಮೂರಿನಲ್ಲಿ ಮುಂದೆ ಸಭೆ ಸೇರಿದಾಗ ಒಂದೇ ಒಂದು ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡು ಹೋಗಿ, ಎದ್ದು ನಿಂತು ಕೇಳಿರಿ. ನಿಮ್ಮ ಹಿಂದೆ ಕುಳಿತ ಹುಡುಗಿಯು ಅದನ್ನು ನೋಡುತ್ತಿರುವಳು.